ಕರೆಯಲು ಹೋದ ಬಸ್ಸು

ನನ್ನ ತಂಗಿಯ ಕುಬಸಕ್ಕೆ ಪಾರ್ಟಿ ಬಸ್ಸು ಗೊತ್ತು ಮಾಡಿದವನು ನಾನೇ. ಬೈಲಹೊಂಗಲದ ನಮ್ಮ ಓಣಿಯಲ್ಲಿ ಈ ಮಾತು ತೆಗೆದರೆ ಜನ ಇವತ್ತಿಗೂ ನಗುತ್ತಾರೆ. ತರಗತಿಯಲ್ಲಿ ಪೆನ್ನು ಬಿದ್ದ ಸಪ್ಪಳಕ್ಕೂ ಹುಬ್ಬು ಗಂಟು ಹಾಕುವ ಗಣಿತದ ಮಾಸ್ತರ, ನೇರಳೆ ದೀಪ ಮಿನುಗುವ ಬಸ್ಸಿನಲ್ಲಿ ಮೂವತ್ತೊಂದು ಹೆಂಗಸರ ನಡುವೆ ರೊಟ್ಟಿ ಗಂಟು ತೊಡೆಯ ಮೇಲಿಟ್ಟುಕೊಂಡು ಹೋದನಲ್ಲ ಎಂದು. ನಗಲಿ ಬಿಡಿ. ಈಗ ನಾನೂ ನಗುತ್ತೇನೆ. ಅವತ್ತು ಮಾತ್ರ ನನಗೆ ನಗು ಬರುವ ಹಾಗಿರಲಿಲ್ಲ.

ಕುಬಸ ನಮ್ಮ ಕಡೆ ದೊಡ್ಡ ಸಡಗರ. ಬಸುರಿ ಮಗಳಿಗೆ ಏಳನೇ ತಿಂಗಳಲ್ಲಿ ತವರಿನವರು ಬುತ್ತಿ ಕಟ್ಟಿಕೊಂಡು ಹೋಗಿ, ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುತ್ತಾರೆ. ಬುತ್ತಿ ಒಂದೇ ಮನೆಯದಲ್ಲ. ಓಣಿಯ ಮನೆಮನೆಯಿಂದ ಬರುತ್ತದೆ, ಬುತ್ತಿ ಕಟ್ಟಿದವಳು ಜೊತೆಗೇ ಬರುತ್ತಾಳೆ. ಕಾರ್ಯ ಮುಗಿದ ಮೇಲೆ ಚೊಚ್ಚಲ ಹೆರಿಗೆಗೆಂದು ಮಗಳನ್ನು ಅದೇ ಗಾಡಿಯಲ್ಲಿ ತವರಿಗೆ ಕರೆತರುವುದು ರೂಢಿ. ಬರುವಾಗ ಒಬ್ಬಳು ಹೆಚ್ಚಾಗಬೇಕು. ಆ ಒಬ್ಬಳು ಬರುತ್ತಾಳೋ ಇಲ್ಲವೋ ಎಂಬುದು ನನಗೆ ಗೊತ್ತಿರಲಿಲ್ಲ.

ಅಪ್ಪ ಅವ್ವ ಇಬ್ಬರೂ ತೀರಿಕೊಂಡು ವರ್ಷಗಳಾಗಿವೆ. ತಂಗಿಗೆ ತವರು ಎಂದರೆ ನಾನು, ನನ್ನ ಹೆಂಡತಿ, ಮೂರು ಕೋಣೆಯ ಮನೆ, ಅಷ್ಟೇ. ಅವಳನ್ನು ಕೊಟ್ಟದ್ದು ರಾಮದುರ್ಗ ತಾಲೂಕಿನ ಸುರೇಬಾನಕ್ಕೆ. ಮೂರು ವರ್ಷದ ಹಿಂದೆ ನಾಗರಪಂಚಮಿಗೆ ಅವಳನ್ನು ನನ್ನ ಕಾರಿನಲ್ಲಿ ಕರೆತಂದಿದ್ದೆ. ಆಗ ಅವಳಿಗೆ ಮೂರು ತಿಂಗಳು. ಮಳೆಗೆ ರಸ್ತೆ ಕಿತ್ತುಹೋಗಿತ್ತು. ಯರಗಟ್ಟಿ ಹತ್ತಿರ ಗಾಡಿ ಒಂದು ಗುಂಡಿಗೆ ಧಡಕ್ಕನೆ ಇಳಿದು ಎದ್ದಿತು. ಅವಳು ಹೊಟ್ಟೆ ಹಿಡಿದುಕೊಂಡು, “ಏನಿಲ್ಲಣ್ಣಾ, ನಡಿ” ಎಂದಳು. ನಾಲ್ಕು ದಿನದ ನಂತರ ನಮ್ಮ ಮನೆಯಲ್ಲೇ ಅವಳಿಗೆ ಗರ್ಭಪಾತವಾಯಿತು.

ಪ್ರಯಾಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು. ನಾನು ತಲೆ ಆಡಿಸಿದೆ, ನಂಬಲಿಲ್ಲ. ತಿಂಗಳೊಳಗೆ ಕಾರು ಮಾರಿದೆ. ಅಲ್ಲಿಂದೀಚೆಗೆ ತಂಗಿ ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಒಂದು ಸಲ ಬಾಯಿ ತುಂಬ ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಫೋನು ಮಾಡಿದರೆ “ಆರಾಮ ಅದೇನಿ” ಎನ್ನುತ್ತಿದ್ದಳು, ನಾನು “ಛಲೋ ಆತು” ಎಂದು ಇಡುತ್ತಿದ್ದೆ. ಆ ಎರಡು ಶಬ್ದಗಳಲ್ಲಿ ನಾನು ಇಲ್ಲದ್ದನ್ನೆಲ್ಲ ಓದಿಕೊಂಡೆ.

ಈಗ ಮತ್ತೆ ಬಸುರಿ, ಏಳನೇ ತಿಂಗಳು, ಎಲ್ಲ ಸರಿ ಇದೆ, ನಿಧಾನಕ್ಕೆ ಪ್ರಯಾಣ ಮಾಡಬಹುದು ಎಂದು ಡಾಕ್ಟರ ಅಪ್ಪಣೆಯೂ ಸಿಕ್ಕಿತ್ತು. ಹಾಗಾಗಿ ನನಗೆ ಬೇಕಾದದ್ದು ಬರೀ ಬಸ್ಸಲ್ಲ. ಅದರಲ್ಲಿ ಅವಳು ಕಾಲು ಚಾಚಿ ಮಲಗುವ ಹಾಗಿರಬೇಕು, ಗಾಡಿ ಕುಲುಕಬಾರದು. ಟೆಂಪೋ ನೋಡಿದೆ, ಸೀಟು ಮರದ ಹಲಗೆಯ ಹಾಗಿತ್ತು. ಕೊನೆಗೆ ಯಾರೋ ಹೇಳಿದರು, ಊರಲ್ಲೇ ಒಬ್ಬ ಸಾಹೇಬರು ಎಲ್ಲಿಂದಲೋ ಹಳೆಯ ಪಾರ್ಟಿ ಬಸ್ಸು ತಂದಿದ್ದಾರೆ, ಒಳಗೆ ಸೋಫಾ ಇದೆ ಎಂದು.

ಹೋಗಿ ನೋಡಿದೆ. ಒಳಗೆ ಬಲಗಡೆ ಉದ್ದನೆಯ ಕೆಂಪು ಸೋಫಾ, ಹಿಂದೆ ಸಾಲು ಸೀಟು, ಮೇಲೆಲ್ಲ ಬಣ್ಣದ ದೀಪ, ಮೂಲೆಯಲ್ಲಿ ಬೀರುವಿನಷ್ಟು ದೊಡ್ಡ ಸ್ಪೀಕರು. ಬಸ್ಸಿನ ಮಾಲೀಕರೂ ಅವರೇ, ಡ್ರೈವರೂ ಅವರೇ. ಐವತ್ತು ದಾಟಿದ, ಗಡ್ಡ ನೆರೆತ, ಸಮಾಧಾನದ ಮನುಷ್ಯ.

“ಹಾಡು ಹಚ್ಚಬಾರದ್ರಿ,” ಎಂದೆ.

“ಹಚ್ಚೂದಿಲ್ರಿ. ಆದ್ರ ಲೈಟ್ ಮಾತ್ರ ಗಾಡಿ ಚಾಲೂ ಮಾಡಿದ್ರ ತಾವ ಹತ್ತತಾವ್ರಿ. ಅದೇನ ವೈರಿಂಗ್ ಮಾಡ್ಯಾರೋ, ನನಗೂ ತಿಳಿದಿಲ್ರಿ.”

“ಲೈಟ್ ಇರಲಿ. ಗಾಡಿ ಕುಲಕತೈತೇನು?”

“ಹದಿನೈದ ವರ್ಷ ತತ್ತಿ ಗಾಡಿ ಹೊಡದೇನ್ರಿ ಸರ್. ತತ್ತಿ ಒಡೀಲಾರದಂಗ ಹೊಡದಾಂವ, ಮನಶ್ಯಾರನ್ನ ಕುಲಕಸ್ತೇನೇನ್ರಿ?”

ನನಗೆ ಮಾತು ಸಾಲದು. ಮನೆಯಿಂದ ಒಂದು ತಂಬಿಗೆ ತಂದು, ಕಂಠದವರೆಗೆ ನೀರು ತುಂಬಿ ಸೋಫಾದ ಮೇಲಿಟ್ಟೆ. “ಮಾರ್ಕೆಟ್ ತನಕ ಹೋಗಿ ಹೊಳ್ಳಿ ಬರ್ರಿ” ಎಂದೆ. ಅವರು ನನ್ನ ಮುಖ ನೋಡಿದರು, ತಂಬಿಗೆ ನೋಡಿದರು, ಸ್ಟೀರಿಂಗ್ ಹಿಡಿದರು. ನಾನು ಸೋಫಾದ ಮುಂದೆ ಕುಕ್ಕರಗಾಲಲ್ಲಿ ಕೂತು ನೀರು ಕಾಯ್ದೆ. ಹೋಗಿ ಬರುವಷ್ಟರಲ್ಲಿ ಸೋಫಾದ ಮೇಲೆ ಬಿದ್ದದ್ದು ಒಂದು ಚಮಚ ನೀರೂ ಅಲ್ಲ. ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೆಂಡತಿಗೆ ಹೇಳಿದೆ. ಅವಳು, “ನೀವು ಕರಕೊಂಡ ಬರೂದು ತಂಗೀನೋ, ತಂಬಗಿ ನೀರೋ?” ಎಂದು ಕೇಳಿದಳು.

ಅವಳು ಕೇಳಿದ್ದರಲ್ಲಿ ಚುಚ್ಚು ಇತ್ತು. ನಾನು ಗಮನಿಸಲಿಲ್ಲ.

ಲೆಕ್ಕ ಮಾತ್ರ ಪಕ್ಕಾ ಮಾಡಿದ್ದೆ. ಇಪ್ಪತ್ತೆರಡು ಜನ ಕೂರುವ ಬಸ್ಸು. ಸೋಫಾ ತಂಗಿಗೆ ಖಾಲಿ ಬಿಟ್ಟರೆ ಹದಿನಾರು. ಹದಿನೈದು ಹೆಂಗಸರು, ನಾನೊಬ್ಬ. ಮನೆಗೊಬ್ಬರೇ ಬರಬೇಕೆಂದು ಓಣಿಯಲ್ಲಿ ನಾನೇ ತಿರುಗಿ ಹೇಳಿ ಬಂದೆ. ಆದರೆ ಹೇಳುವಾಗ ಪಾರ್ಟಿ ಬಸ್ಸು ಎಂಬ ಮಾತೂ ಬಾಯಿ ತಪ್ಪಿ ಬಂತು. ಅದೇ ಮುಳುವಾಯಿತು.

ಭಾನುವಾರ ಬೆಳಿಗ್ಗೆ ಬಸ್ಸು ಬಂದು ನಿಂತಾಗ ಬಾಗಿಲಲ್ಲಿ ಜಾತ್ರೆ. ಸೊಸೆ ಜೊತೆ ಅತ್ತೆ, ಅಕ್ಕನ ಜೊತೆ ತಂಗಿ. ಬಾಜೂ ಮನೆಯಾಕೆ ಕಿತ್ತೂರಿನಿಂದ ಹಬ್ಬಕ್ಕೆ ಬಂದ ತನ್ನ ಅಕ್ಕನನ್ನೂ ಕೈ ಹಿಡಿದು ಹತ್ತಿಸಿದಳು.

“ಒಂದ ಮನಿಗೆ ಒಬ್ರ ಅಂದಿದ್ನೆಲ್ರಿ?” ಎಂದು ನಾನು ದನಿ ಏರಿಸಿದೆ.

“ಆಕೀದು ಕಿತ್ತೂರ ಮನಿ ಅಲ್ರೀ ಸರ್? ಬ್ಯಾರೆ ಮನಿ ಆತಲ್ರಿ,” ಎಂದಳು ಬಾಜೂ ಮನೆಯಾಕೆ. ಗಣಿತದ ಮಾಸ್ತರನಿಗೇ ಲೆಕ್ಕ ಕಲಿಸಿದಳು. ಎಣಿಸಿದೆ, ಮೂವತ್ತೊಂದು. ಕುಬಸದ ದಿನ ಮುತ್ತೈದೆಯರನ್ನು ಬಸ್ಸಿನಿಂದ ಇಳಿಸುವುದು ಆಗುವ ಮಾತೇ? ಇಳಿಸಿದರೆ ಆ ಮುನಿಸು ಕೂಸಿನ ಮದುವೆಯವರೆಗೂ ಬರುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ಬುತ್ತಿಯದು. ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಮೊಸರನ್ನ. ಬುಟ್ಟಿಗಳು, ಡಬ್ಬಿಗಳು, ಬಿಳಿ ಅರಿವೆಯ ಗಂಟುಗಳು. ಕಾಲು ಇಡುವ ಜಾಗದಲ್ಲಿ ಕುಬಸದ ಬುತ್ತಿ ಇಡುವಂತಿಲ್ಲ. ನಮ್ಮ ಓಣಿಯಲ್ಲೇ ಇರುವ ಸೋದರತ್ತೆ ಯಾರನ್ನೂ ಕೇಳದೆ ಕೆಂಪು ಸೋಫಾದ ಮೇಲೆ ತನ್ನ ಹಳೆಯ ಸೀರೆ ಹಾಸಿ, ಬುಟ್ಟಿಗಳನ್ನೆಲ್ಲ ಅದರ ಮೇಲೆ ಸಾಲಾಗಿ ಕೂರಿಸಿ, ತಾನೂ ಕಾವಲಿಗೆಂದು ತುದಿಯಲ್ಲಿ ಕೂತಳು. ತಂಬಿಗೆ ನೀರಿಟ್ಟು ನಾನು ಆರಿಸಿದ ಜಾಗದಲ್ಲಿ ರೊಟ್ಟಿ ಆರಾಮಾಗಿ ಮಲಗಿ ಹೊರಟವು.

ಬಸ್ಸು ಚಾಲೂ ಆಯಿತು, ದೀಪ ಹತ್ತಿದವು. ಹೆಂಗಸರು ಹೋ ಎಂದರು. ಎಲ್ಲರ ಮುಖ ನೇರಳೆ, ಆಮೇಲೆ ಹಸಿರು, ಮತ್ತೆ ನೇರಳೆ. ಮುರಗೋಡ ದಾಟುವವರೆಗೆ ಸೋಬಾನೆ ಪದ ಹೇಳಿದರು. ಆಮೇಲೆ ಸೋದರತ್ತೆ ಹೊಸ ಮಾತು ತೆಗೆದಳು.

“ಹಿಂಗ ಸವದತ್ತಿ ಮ್ಯಾಲ ಹಾಯ್ದು ಗುಡ್ಡಕ್ಕ ಒಂದ ಕಾಯಿ ಒಡಿಸಿಕೊಂಡ ಹೋಗೂಣಲ್ಲೋ?”

“ಅತ್ತಿ, ಹನ್ನೆರಡರ ಒಳಗ ಉಡಿ ತುಂಬಬೇಕು. ಸುತ್ತ ಆಗತೈತಿ.”

“ನಿನಗ ಯಾವಾಗಲೂ ಗಡಿಬಿಡಿ,” ಎಂದು ಗೊಣಗಿ, ಕೂತಲ್ಲಿಂದಲೇ ದೇವಿಯ ಗುಡ್ಡದ ದಿಕ್ಕಿಗೆ ಕೈ ಮುಗಿದಳು. ಉಳಿದ ಮೂವತ್ತು ಜನವೂ ಮುಗಿದರು. ಕನ್ನಡಿಯಲ್ಲಿ ನೋಡಿದ ಡ್ರೈವರು ಅವರ ಕೈ ಇಳಿಯುವವರೆಗೆ ಗಾಡಿಯ ವೇಗ ತಗ್ಗಿಸಿದರು.

ನಾನು ಮನಸ್ಸಿನಲ್ಲಿ ಎರಡು ಲೆಕ್ಕ ಮಾಡುತ್ತಿದ್ದೆ. ಮೊದಲನೆಯದು, ಅವಳು ಬಂದರೆ ಎಲ್ಲಿ ಮಲಗಿಸುವುದು. ಎರಡನೆಯದು, ಅವಳು ಬಾರದಿದ್ದರೆ ಖಾಲಿ ಬುಟ್ಟಿಗಳ ಜೊತೆ ಈ ಮೂವತ್ತೊಂದು ಜನರ ಮುಖ ಹೇಗೆ ನೋಡುವುದು. ಪಕ್ಕದಲ್ಲಿ ಕೂತ ಹೆಂಡತಿ ಮೆಲ್ಲಗೆ ಕೇಳಿದಳು, “ನೀವ ಕರೀತೀರಿ ಹೌದಲ್ರಿ?”

“ಆಕಿ ಮ್ಯಾಲ ಒತ್ತಾಯ ಮಾಡೂದು ಬ್ಯಾಡ,” ಎಂದೆ. ಅವಳು ಕಿಟಕಿಯ ಕಡೆ ತಿರುಗಿದಳು. ಹೊರಗೆ ಬಿಳಿಜೋಳ ತೆನೆ ಬಿಟ್ಟು ನಿಂತಿತ್ತು.

ಸುರೇಬಾನದಲ್ಲಿ ಬಸ್ಸು ನೋಡಲು ಅರ್ಧ ಊರು ಬಂದಿತ್ತು. ತಂಗಿ ಬಾಗಿಲಲ್ಲಿ ನಿಂತಿದ್ದಳು. ಮೈ ತುಂಬಿಕೊಂಡಿದ್ದಳು, ಮುಖದಲ್ಲಿ ಕಳೆ ಇತ್ತು. ನನ್ನ ಕಣ್ಣು ತಪ್ಪಿಸಿ “ವೈನಿ” ಎನ್ನುತ್ತ ನನ್ನ ಹೆಂಡತಿಯ ಕೈ ಹಿಡಿದುಕೊಂಡು ಒಳಗೆ ಹೋದಳು. ಎಂದಿನಂತೆ ನಾನು ಅದನ್ನೂ ನನ್ನ ಮೇಲಿನ ಸಿಟ್ಟು ಎಂದೇ ಲೆಕ್ಕಕ್ಕೆ ಹಿಡಿದೆ.

ಕಾರ್ಯ ಹೊತ್ತಿಗೆ ಸರಿಯಾಗಿ ಆಯಿತು. ಹಸಿರು ಸೀರೆ, ಹೂವಿನ ದಂಡೆ, ಮುಂದೆ ಹತ್ತಾರು ಬುಟ್ಟಿ ಬುತ್ತಿ. ಒಬ್ಬೊಬ್ಬರೂ ಬಂದು ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಹಾಕಿ ಉಡಿ ತುಂಬಿ, ಬಾಯಿಗೆ ಒಂದೊಂದು ತುತ್ತು ಇಟ್ಟರು. ನಾನು ಪಡಸಾಲೆಯ ಕಂಬಕ್ಕೆ ಆತುಕೊಂಡು ನಿಂತು ನೋಡಿದೆ. ಎಲ್ಲ ಮುಗಿದ ಮೇಲೆ ತಂಗಿಯ ಅತ್ತೆ ನನ್ನ ಕಡೆ ತಿರುಗಿದರು. ಹೆಚ್ಚು ಮಾತಿನವರಲ್ಲ, ಆದರೆ ಆಡಿದ ಮಾತಿಗೆ ತೂಕವಿದ್ದವರು.

“ಏನ್ ಮಾಸ್ತರ, ಮುಂದಿನ ಮಾತು ಆಡ್ರಿ.”

ಎಲ್ಲರೂ ನನ್ನನ್ನೇ ನೋಡಿದರು. ತಂಗಿಯೂ ನೋಡಿದಳು, ಅವತ್ತು ಮೊದಲ ಸಲ. ನಾನು ದಾರಿಯುದ್ದಕ್ಕೂ ಪಾಠ ಮಾಡಿಕೊಂಡಿದ್ದ ದೊಡ್ಡತನದ ಮಾತು ಹೇಳಿದೆ.

“ಆಕಿ ಮನಸ್ಸ ಇದ್ದಂಗ್ರಿ. ಬರ್ತೇನಂದ್ರ ಬರಲಿ. ಇಲ್ಲೇ ಇರ್ತೇನಂದ್ರೂ ನಮ್ಮದೇನ ತಕರಾರಿಲ್ರಿ.”

ತಂಗಿ ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದು ಎದ್ದು ಒಳಕೋಣೆಗೆ ಹೋದಳು. ಅವಳ ಅತ್ತೆ ನೆಲ ನೋಡಿದರು. ಹೆಂಡತಿ ನನ್ನ ತೋಳು ಹಿಡಿದು ಮೂಲೆಗೆ ಎಳೆದಳು.

“ಸಾಲ್ಯಾಗ ಹುಡುಗೂರ್ನ ಟ್ರಿಪ್ಪಿಗೆ ಯಾರ್ಯಾರ ಬರ್ತೀರಿ ಅಂತ ಕೇಳಿದಂಗ ಕೇಳಿದ್ರಲ್ರಿ! ಹೋಗ್ರಿ ಒಳಗ.”

ಹೋದೆ. ತಂಗಿ ಮಂಚದ ಮೇಲೆ ಕೂತಿದ್ದಳು. ಉಡಿಯ ಅಕ್ಕಿ ಚೆಲ್ಲಬಾರದೆಂದು ಸೆರಗು ಬಿಗಿಯಾಗಿ ಹಿಡಿದಿದ್ದಳು, ಕಣ್ಣೀರು ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

“ನೀ ಯಾಕ ಬಂದಿ ಅಣ್ಣಾ?”

“ನಿನ್ನ ಕುಬಸಕ್ಕ.”

“ಬುತ್ತಿ ತರಾಕ ಅಷ್ಟ ಮಂದಿ ಇದ್ರಲ್ಲ. ನೀ ಯಾಕ ಬಂದಿ ಅಂತ ಕೇಳಾಕ ಹತ್ತೇನಿ.”

ನನ್ನ ದೊಡ್ಡತನವೆಲ್ಲ ಅಲ್ಲಿಗೆ ಮುಗಿಯಿತು. “ನಿನ್ನ ಕರೀಲಿಕ್ಕೆ ನನಗ ಬಾಯಿ ಎಲ್ಲೈತವಾ?” ಎಂದೆ. “ಆ ಸಲ ನಾನ ಕರಕೊಂಡ ಹೋದೆ. ಆ ಗುಂಡಿ, ಆ ಗಾಡಿ. ನನ್ನಿಂದನ ನಿನಗ ಹಂಗಾತು.”

ಅವಳು ಅಳು ನಿಲ್ಲಿಸಿ ನನ್ನನ್ನು ದಿಟ್ಟಿಸಿದಳು. “ಅದನ್ನ ಇನ್ನೂ ತಲಿ ಮ್ಯಾಲ ಹೊತಗೊಂಡ ತಿರಗಾಕ ಹತ್ತೀಯೇನ? ಕೂಸು ಮೊದಲಿಂದನ ಸರಿಯಾಗಿ ಬೆಳದಿರಲಿಲ್ಲಂತ. ಡಾಕ್ಟರ ನಿನಗೂ ಹೇಳೇನಿ ಅಂದ್ರು.”

“ಹೇಳಿದ್ರು. ನಾ ನಂಬಲಿಲ್ಲ.”

“ನಾ ನಂಬಿದೆ. ನಾ ನಿನ್ನ ಮ್ಯಾಲ ಯಾಕ ಸಿಟ್ಟ ಆಗ್ಲಿ?” ಉಡಿ ಸರಿಮಾಡಿಕೊಂಡು ಹೇಳಿದಳು, “ನಾ ತಿಳಕೊಂಡಿದ್ದ ಬ್ಯಾರೆ ಅಣ್ಣಾ. ನಿಮ್ಮ ಮನ್ಯಾಗ ನನ್ನಿಂದ ಹಂತಾದ್ದ ಆತಲ್ಲ, ಅದಕ್ಕ ನಾ ಬರೂದು ನಿಮಗ ಬ್ಯಾಡಾಗೇತಿ ಅಂತ. ಮುಂದಿನ ಪಂಚಮಿಗೆ ನಾ ಚೀಲ ತುಂಬಿ ಇಟ್ಟಿದ್ದೆ. ನೀ ಫೋನ್ ಹಚ್ಚಿ, ರಸ್ತಾ ಛಲೋ ಇಲ್ಲ, ಬರೂದಿದ್ರ ಬಾ ಅಂದಿ. ಅದರ ಮುಂದಿನ ವರ್ಷಾನೂ ಅಷ್ಟ. ಕರೀದನ ಯಾರರೆ ತವರಿಗೆ ಹೋಗತಾರೇನ? ಅತ್ತಿ ಏನ ಅನ್ನಬೇಕು? ಸಂಜಿಮುಂದ ಚೀಲದಾನ ಸೀರಿ ತಗದು ಮತ್ತ ಗೂಟಕ್ಕ ಹಾಕಿದೆ.”

ನಾನು ಅವಳ ಮುಂದೆ ನೆಲದ ಮೇಲೆ ಕೂತೆ. ನಮ್ಮ ಕಡೆ ಗಂಡನ ಮನೆಯಲ್ಲಿ ಎಷ್ಟೇ ಅನುಕೂಲವಿರಲಿ, ತಾಸಿಗೊಂದು ಬಸ್ಸಿರಲಿ, ಹಬ್ಬಕ್ಕೆ ಮಗಳು ತಾನಾಗಿ ತವರಿಗೆ ಬರುವುದಿಲ್ಲ. ಅಣ್ಣನೋ ತಮ್ಮನೋ ಬಾಗಿಲಿಗೆ ಹೋಗಿ ಕರೆಯಬೇಕು. ಇದು ನನಗೆ ಗೊತ್ತಿಲ್ಲದ್ದೇ? ಗೊತ್ತಿದ್ದೂ, ಒತ್ತಾಯ ಮಾಡಬಾರದು, ಅವಳ ಇಷ್ಟಕ್ಕೆ ಬಿಡಬೇಕು ಎಂದು ನನ್ನ ಅಂಜಿಕೆಗೆ ಒಳ್ಳೆಯ ಹೆಸರಿಟ್ಟುಕೊಂಡು ಮನೆಯಲ್ಲೇ ಕೂತಿದ್ದೆ. ಅವಳು ಬೈಯಲೆಂದು ನಾನು ಕಾದೆ, ನಾನು ಕರೆಯಲೆಂದು ಅವಳು ಕಾದಳು. ಸ್ವಲ್ಪ ಹೊತ್ತಿನ ಹಿಂದೆ ಮೂವತ್ತೊಂದು ಜನರ ಮುಂದೆ ಅದೇ ತಪ್ಪನ್ನು ಮತ್ತೊಮ್ಮೆ ಮಾಡಿ ಬಂದಿದ್ದೆ. ನನ್ನ ಮೇಲೆಯೇ ವಿಪರೀತ ಸಿಟ್ಟು ಬಂತು. ಅದರ ಹಿಂದೆಯೇ ದೊಡ್ಡ ಸಮಾಧಾನವೂ ಬಂತು. ಅವಳಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಒಂದು ದಿನವೂ ಇರಲಿಲ್ಲ.

ಎದ್ದು ಪಡಸಾಲೆಗೆ ಬಂದೆ. ಈ ಮಾತು ಒಳಕೋಣೆಯಲ್ಲಿ ಆಡುವುದಲ್ಲ, ನಾಲ್ಕು ಜನರ ಮುಂದೆ ಆಡುವುದು. ಅವಳ ಅತ್ತೆಯ ಮುಂದೆ ನಿಂತು ಕೈ ಮುಗಿದೆ.

“ತಪ್ಪ ಮಾತಾಡಿದ್ನಿರಿ ಅವ್ವಾರ. ನಮ್ಮ ತಂಗೀನ ಹೆರಿಗಿಗೆ ಕರಕೊಂಡ ಹೋಗಾಕ ಬಂದೇನ್ರಿ. ಕಳಿಸಿ ಕೊಡ್ರಿ.”

“ಇಷ್ಟ ಅನ್ನಾಕ ಇಷ್ಟೊತ್ತ ಬೇಕಾತೇನ್ರಿ?” ಎಂದರು ಅವರು. ನಗಲಿಲ್ಲ, ಆದರೆ ದನಿ ಮೆತ್ತಗಾಗಿತ್ತು. ಅವರು ಮಗನ ಕಡೆ ನೋಡುವುದರೊಳಗೆ ನಮ್ಮ ತಂಗಿಯ ಯಜಮಾನರು ಎರಡು ಚೀಲ ಹಿಡಿದು ಬಾಗಿಲ ಮರೆಯಿಂದ ಹೊರಗೆ ಬಂದರು. ಚೀಲ ಯಾವಾಗ ತುಂಬಿದ್ದರೋ ನಾನು ಕೇಳಲಿಲ್ಲ.

ಇನ್ನು ಉಳಿದದ್ದು ಜಾಗದ ಲೆಕ್ಕ. ಊಟ ಮುಗಿದ ಮೇಲೆ ಬಸ್ಸಿನ ಬಾಗಿಲಲ್ಲಿ ನಿಂತು, ಯಾರಿಗೆ ಇಳಿಯಿರಿ ಎನ್ನುವುದೆಂದು ಬೆವರುತ್ತಿದ್ದೆ. ಬಾಜೂ ಮನೆಯಾಕೆ ಬಂದು ಸೋಫಾ ನೋಡಿದಳು, ತಂಗಿಯ ಹೊಟ್ಟೆ ನೋಡಿದಳು, ತನ್ನ ಅಕ್ಕನ ಕೈ ಹಿಡಿದಳು.

“ನಾವ ಸರಕಾರಿ ಬಸ್ಸಿಗೆ ಬರ್ತೇವ್ರಿ ಸರ್. ಹೆಂಗಸ್ರಿಗೆ ಪುಕ್ಕಟ ಐತಿ, ಆಧಾರ ಕಾರ್ಡ ಪರ್ಸಿನ್ಯಾಗ ಐತಿ. ಆಕಿ ಆರಾಮ ಮಲಕ್ಕೊಳ್ಳಿ.”

ಅವಳು ಹೊರಟದ್ದೇ ತಡ, ಹಿಂದೆ ಇನ್ನೊಬ್ಬಳು, ಮತ್ತಿಬ್ಬರು. ಬೆಳಿಗ್ಗೆ ಕಿಟಕಿಯ ಸೀಟಿಗೆ ಜಗಳ ತೆಗೆದವರೆಲ್ಲ ಖಾಲಿ ಬುಟ್ಟಿ ಬಗಲಲ್ಲಿ ಇಟ್ಟುಕೊಂಡು ನಗುತ್ತಾ ಬಸ್ ಸ್ಟ್ಯಾಂಡಿನ ಕಡೆ ನಡೆದರು. ನಾನು ಬಾಯಿ ತೆರೆಯುವ ಪ್ರಸಂಗವೇ ಬರಲಿಲ್ಲ. ಬೆಳಿಗ್ಗೆ ಅವರ ಮೇಲೆ ಕೂಗಾಡಿದ್ದಕ್ಕೆ ನಾಚಿಕೆಯಾಯಿತು. ಸೋದರತ್ತೆ ಮಾತ್ರ, “ನಾ ಇಳಿಯಾಕಿ ಅಲ್ಲ, ಆಕಿ ಕಾಲ ಯಾರ ಒತ್ತಬೇಕು?” ಎಂದು ಗಟ್ಟಿಯಾಗಿ ಕೂತಳು.

ವಾಪಸು ಬರುವಾಗ ಡ್ರೈವರ ತತ್ತಿ ಗಾಡಿಯ ವಿದ್ಯೆಯೆಲ್ಲ ಹೊರಬಂತು. ಕಬ್ಬು ಹೇರಿದ ಟ್ರ್ಯಾಕ್ಟರುಗಳೂ ನಮ್ಮನ್ನು ದಾಟಿ ಮುಂದೆ ಹೋದವು. ತಂಗಿ ಕೆಂಪು ಸೋಫಾದ ಮೇಲೆ ಎಡ ಮಗ್ಗುಲಿಗೆ ಮಲಗಿ, ತನ್ನ ಕೈ ಬಳೆಯ ಮೇಲೆ ಬಣ್ಣ ಬದಲಾಗುವುದನ್ನು ನೋಡಿದಳು. “ಅಣ್ಣಾ, ಇದೇನ ಬಸ್ಸೋ, ಸರ್ಕಸ್ಸೋ?” ಎಂದು ನಕ್ಕಳು. ಯರಗಟ್ಟಿ ಹತ್ತಿರ ಬಂದಾಗ ನಾನು ಎದ್ದು ಡ್ರೈವರ ಹಿಂದೆ ಹೋಗಿ ನಿಂತೆ. ಇಲ್ಲಿ ಒಂದು ಗುಂಡಿ ಇದೆ, ನಿಧಾನ ಎಂದೆ. ಇಬ್ಬರೂ ಕಣ್ಣು ಕಿರಿದು ಮಾಡಿ ಹುಡುಕಿದೆವು. ರಸ್ತೆಗೆ ಯಾವಾಗಲೋ ಹೊಸ ಡಾಂಬರು ಹಾಕಿದ್ದರು. ಆ ಗುಂಡಿ ಎಲ್ಲಿತ್ತೆಂದು ನನಗೆ ಹೇಳಲಾಗಲಿಲ್ಲ. ತಿರುಗಿ ನೋಡಿದರೆ ತಂಗಿಗೆ ನಿದ್ದೆ ಹತ್ತಿತ್ತು.

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಸರಕಾರಿ ಬಸ್ಸಿನವರು ನಮಗಿಂತ ಮೊದಲೇ ಬಂದು, ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. “ಇಷ್ಟ ಲೇಟ್ ಯಾಕಾತ್ರಿ, ನಡಕೋತ ಬಂದ್ರೇನ?” ಎಂದು ನನ್ನನ್ನು ಕಾಡಿದರು. ನಾನು ಮೊದಲು ಇಳಿದು, ತಂಗಿಗೆ ಕೈ ಕೊಟ್ಟು ಒಂದೊಂದೇ ಮೆಟ್ಟಿಲು ಇಳಿಸಿಕೊಂಡೆ. ಎದುರು ಮನೆಯ ಕಟ್ಟೆಯ ಮೇಲೆ ಕಣ್ಣು ಮಂಜಾದ ಅಜ್ಜಿ ಕೂತಿದ್ದಳು. ಗದ್ದಲ ಕೇಳಿ ಹಣೆಗೆ ಕೈ ಹಚ್ಚಿ ನೋಡಿದಳು.

“ಯಾರ ಬಂದ್ರೋ ಮಾಸ್ತರಾ?”

“ನಮ್ಮ ಮನಿ ಮಗಳು ಬಂದಾಳವಾ ಆಯಿ,” ಎಂದೆ, “ನಾನ ಹೋಗಿ ಕರಕೊಂಡ ಬಂದೇನಿ.”

ಅಜ್ಜಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಆದರೂ ನಾನು ಅದನ್ನು ಓಣಿಯ ಕೊನೆಯ ಮನೆಗೂ ಕೇಳುವ ಹಾಗೆ ಹೇಳಿದೆ.